ಹುಲ್ಲು ಕಾಯುವ ಆಟ

ಸಾಲ್ಕಿನಳ ಕಂಪ್ಯೂಟರಿನೊಳಗೆ ಒಂದು ಊರೇ ಇತ್ತು. ಅಲ್ಲಿನ ಕುರಿಗಾಹಿಗಳೆಲ್ಲ ಬರೀ ಚುಕ್ಕೆಗಳು. ಒಂದೊಂದು ಚುಕ್ಕೆಗೂ ಅವಳು ಒಂದಿಷ್ಟು ಬುದ್ಧಿ, ಒಂದಿಷ್ಟು ಆಸೆ ಕೊಟ್ಟು, ಪಕ್ಕದವನ ಮೇಲೊಂದು ಕಣ್ಣಿಡಲು ಕಲಿಸಿದ್ದಳು. ಆಮೇಲೆ ಅವುಗಳನ್ನು ಅವುಗಳ ಪಾಡಿಗೆ ಬಿಟ್ಟು, ಬೆಟ್ಟದ ಮೇಲಿನ ಹುಲ್ಲುಗಾವಲು ಉಳಿಯುತ್ತದೋ ಇಲ್ಲವೋ ನೋಡಬೇಕು. ರಾಜಧಾನಿ ಬಿಷ್ಕೆಕ್‌ನ ಒಂದು ವಿಶ್ವವಿದ್ಯಾಲಯ ಅದಕ್ಕೇ ಅವಳಿಗೆ ಸಂಬಳ ಕೊಡುತ್ತಿತ್ತು. ಚುಕ್ಕೆಗಳ ಆ ಊರು, ನಾರಿನ್ ಬೆಟ್ಟಗಳ ಕಡೆಯ ಅವಳ ಹುಟ್ಟೂರಿನ ಪಡಿಯಚ್ಚು.

ಹುಟ್ಟೂರಿನ ಕಟ್ಟಳೆ ಸರಳವಾಗಿತ್ತು. ಹುಲ್ಲು ಗೇಣುದ್ದ ಬೆಳೆದು, ಊರ ಹಿರಿಯ ಸೂಯುನ್‌ಬೈ ಅಜ್ಜ ಅಂಗೈ ಎತ್ತಿ ಹರಸಿದ ಮೇಲೆಯೇ ಮಂದೆಗಳು ಬೆಟ್ಟ ಹತ್ತಬೇಕು. ಎಳೆ ಹುಲ್ಲು ತುಳಿದರೆ ಮುಂದಿನ ವರ್ಷಗಳಿಗೂ ಅಲ್ಲಿ ಮಣ್ಣೇ ಗತಿ. ಕದ್ದು ಹತ್ತಿಸುವವರು ಒಬ್ಬಿಬ್ಬರು ಇದ್ದೇ ಇದ್ದರು. ಊರು ಅದನ್ನು ನೋಡಿಯೂ ನೋಡದಂತಿರುತ್ತಿತ್ತು.

ಚುಕ್ಕೆಗಳಿಗೆ ಸರಿಯಾದ ಸ್ವಭಾವ ಕೊಡಬೇಕಲ್ಲ, ಅದಕ್ಕೆಂದು ಚಳಿಗಾಲದಲ್ಲಿ ಅವಳು ಊರಿನವರನ್ನೇ ಕೂರಿಸಿ ಆಟ ಆಡಿಸಿದಳು. ಕಂಬಳಿ ಹಾಸಿ, ಕುರಿಗಳ ಬದಲು ಬೆಣಚುಕಲ್ಲು ಹಂಚಿದಳು. ಮುಂಚಿತವಾಗಿ ಬೆಟ್ಟ ಹತ್ತುವವರು ತಮ್ಮ ಕಲ್ಲುಗಳನ್ನು ಯಾರಿಗೂ ಕಾಣದಂತೆ ತಮ್ಮ ಟೋಪಿಯಡಿ ಸೇರಿಸಬೇಕು. ಆಮೇಲೆ ಟೋಪಿಗಳನ್ನು ಅವಳೊಬ್ಬಳೇ ಇಣುಕಿ ನೋಡಿದ್ದರೆ ಸಾಕಿತ್ತು. ಆದರೆ ಎಲ್ಲರಿಗೂ ಪಾಠ ಕಲಿಸುವ ಹುಮ್ಮಸ್ಸು ಅವಳಿಗೆ.

"ಈಗ ಎಲ್ಲರೂ ಟೋಪಿ ಎತ್ತಿ" ಎಂದಳು.

ಹೆಚ್ಚುಕಡಿಮೆ ಎಲ್ಲ ಟೋಪಿಗಳಡಿಯೂ ಕಲ್ಲು. ಅಜ್ಜನ ಟೋಪಿಯಡಿ ಎಲ್ಲರಿಗಿಂತ ಹೆಚ್ಚು.

"ಏನಜ್ಜಾ, ಹರಸೋ ಕೈಗೇ ಕಳ್ಳತನ ಬೇಕಿತ್ತಾ?" ಎಂದು ಸಾಲ್ಕಿನಳ ಅಣ್ಣ ಒಮುರ್ಬೆಕ್ ಕಿಚಾಯಿಸಿದ.

"ಲೋ, ಇದು ಆಟ ಕಣೋ! ಆಟದಲ್ಲೂ ಸೋಲ್ಬೇಕಾ?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರೂ ಕಾದರೆ ಎಲ್ಲರಿಗೂ ಲಾಭ ಎಂದು ಸಾಲ್ಕಿನ್ ಕಲ್ಲು ಜೋಡಿಸಿ ತೋರಿಸಿದಳು. ಹೌದೌದು ಎಂದು ತಲೆಯಾಡಿಸಿ, ಚಹಾ ಕುಡಿದು, ಒಬ್ಬರ ಕೈ ಒಬ್ಬರು ಹಿಡಿದು ಮಾತು ಕೊಟ್ಟರು. ಬೆಪ್ಪು ಹುಡುಗಿ, ನಂಬಿದಳು. ಪಕ್ಕದವನ ಟೋಪಿಯಡಿ ಏನಿದೆ ಎಂಬುದು ಅಂದಿನಿಂದ ಇಡೀ ಊರಿಗೆ ಗೊತ್ತಾಗಿಹೋಗಿತ್ತು.

ಹಿಮ ಕರಗುವ ಹೊತ್ತಿಗೆ ಒಬ್ಬರ ದೊಡ್ಡಿಯನ್ನು ಇನ್ನೊಬ್ಬರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದರು. ಬಿಷ್ಕೆಕ್‌ಗೆ ಮರಳಿದ್ದ ಸಾಲ್ಕಿನ್‌ಗೆ ಫೋನಿನ ಮೇಲೆ ಫೋನು.

"ಏನಮ್ಮಾ ಸಾಲ್ಕಿನ್, ಪಕ್ಕದ ಮನೆಯೋರು ಯಾವತ್ತು ಹೊರಡ್ತಾರಂತೆ? ನಿನ್ನ ಮಿಷನ್ನು ಕೇಳಿ ಹೇಳು. ನಾವು ಅದರ ಹಿಂದಿನ ದಿನಾನೇ ಹೊರಡ್ತೀವಿ."

ಅವಳು ಬೈದಳು, ಬೇಡಿಕೊಂಡಳು. ಕೊನೆಗೆ ಅಜ್ಜನಿಗೇ ಫೋನು ಮಾಡಿದಳು. "ನೀವು ಬೇಡ ಅಂದ್ರೆ ನಿಲ್ತಾರಜ್ಜಾ."

"ನಿಲ್ತಿದ್ರು ತಾಯಿ. ಈಗ ಬಾಯಿ ಬಿಟ್ರೆ, ಮುದುಕ ನಮ್ಮನ್ನ ನಿಲ್ಲಿಸಿ ತಾನು ಹೋಗೋಕೆ ನೋಡ್ತಾನೆ ಅಂತಾರೆ."

"ನಿಮ್ಮ ಮಂದೆ?"

ಅಜ್ಜ ಕೆಮ್ಮಿದ. "ಮೊಮ್ಮಗ ನಿನ್ನೆನೇ ಹೊಡ್ಕೊಂಡು ಹೋದ."

ಟೋಪಿಯ ಗುಟ್ಟು ಬಯಲಾದುದನ್ನೂ ಸೇರಿಸಿ ಅವಳು ಚುಕ್ಕೆಗಳನ್ನು ಮತ್ತೆ ಓಡಿಸಿದಳು. ದಂಡ ಹಾಕಿ ನೋಡಿದಳು, ಕಾವಲಿಟ್ಟು ನೋಡಿದಳು, ಮಳೆ ಹೆಚ್ಚಿಸಿ ನೋಡಿದಳು. ಪ್ರತಿ ಸಲವೂ ಹಸಿರೆಲ್ಲ ಅಳಿಸಿಹೋಯಿತು. ಕಾದು ಕುಳಿತ ಚುಕ್ಕೆಯ ಕುರಿಗಳೇ ಎಲ್ಲಕ್ಕಿಂತ ಮೊದಲು ಸಾಯುತ್ತಿದ್ದವು.

ಪ್ರೊಫೆಸರು ಪರದೆ ನೋಡಿ ಹಿಗ್ಗಿದರು. "ಭೇಷ್! ಥೇಟ್ ಊರಿನ ಹಾಗೇ ನಡೀತಿದೆ. ಪ್ರಬಂಧ ಬರೆದುಬಿಡು."

"ಊರೇ ಉಳಿಯಲ್ಲ ಮೇಷ್ಟ್ರೇ."

"ಅದನ್ನೂ ಬರಿ."

ಅವಳಿಗೆ ಅಳು ಬಂತು. ಅಷ್ಟರಲ್ಲಿ ಒಮುರ್ಬೆಕ್‌ನ ಫೋನು.

"ಕೆಳಗೆ ಉಳಿದಿರೋದು ನಮ್ಮ ಮಂದೆ ಒಂದೇ ಕಣೇ. ನಿನ್ನ ಮಾತಿಗೆ ಬೆಲೆ ಇರ್ಲಿ ಅಂತ ಕಾದೆ. ಮನೇಲಿದ್ದ ಒಣಹುಲ್ಲೂ ಮುಗೀತು. ಇನ್ನೂ ಕಾಯ್ಲಾ?"

ಯಾರ ಮಂದೆ ಎಲ್ಲಿದೆ ಎಂಬುದು ಆ ಫೋನುಗಳಿಂದಲೇ ಅವಳಿಗೆ ತಿಳಿದಿತ್ತು. ಪೂರ್ವದ ಇಳಿಜಾರೊಂದನ್ನು ಮಾತ್ರ ಇನ್ನೂ ಯಾರೂ ಮುಟ್ಟಿರಲಿಲ್ಲ.

"ಹೊರಡಣ್ಣ" ಎಂದಳು. "ಹೊಳೆ ದಾಟಿ ಪೂರ್ವದ ಕಡೆ ಹೊಡಿ."

"ಅಲ್ಲಿ ಹುಲ್ಲು ಬೆರಳುದ್ದಾನೂ ಬಂದಿಲ್ವಲ್ಲೇ!"

"ಗೊತ್ತು. ಬೇಗ ಹೋಗು, ಬೇರೆಯೋರು ನೋಡೋದ್ರೊಳಗೆ."