ಹಿಂದಿನ ಕೋಣೆಯ ಬಾಡಿಗೆಯವಳು

"ತಳ ಹಿಡೀತದೆ, ತಿರುವು ತಿರುವು!" ಎಂದು ಯಾರೋ ಕೂಗಿದರು. ಅಂಗಳದ ಒಲೆಯ ಮುಂದೆ ಕೆದಿಬೊನೆ ಹಂಡೆಯ ಮೆಕ್ಕೆಜೋಳದ ಮುದ್ದೆಯನ್ನು ತಿರುವುತ್ತಲೇ ಇದ್ದಳು. ದಕ್ಷಿಣ ಆಫ್ರಿಕಾದ ಕಿಂಬರ್ಲಿಯ ಚಳಿಗಾಲದ ಬೆಳಗು. ಮಂಜು ಹೊಗೆ ಒಂದಾಗಿ ಬೇಲಿ, ನೆರೆಮನೆ ಎಲ್ಲ ಕರಗಿಹೋಗಿದ್ದವು. ಒಳಗಿನಿಂದ ಹೆಂಗಸರ ಹಾಡು ತೇಲಿ ಬರುತ್ತಿತ್ತು. ಆ ಹಾಡಿನ ನಡುವೆ ಮನೆಯೊಡತಿ ಮೊಸಿದಿ ಶವದ ಪೆಟ್ಟಿಗೆಯಲ್ಲಿ ಮಲಗಿದ್ದಳು. ಇನ್ನೆರಡು ಗಂಟೆಗೆ ಮಣ್ಣು.

ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಹಾಸಿಗೆ ಹಾಸಿತ್ತು. ಸತ್ತವರಿಗೆ ಎಲ್ಲರಿಗಿಂತ ಹತ್ತಿರದ ಹೆಂಗಸು ಅಲ್ಲಿ ಕೂರಬೇಕು, ಬಂದವರು ಮಂಡಿಯೂರಿ ಅವಳ ಕೈ ಹಿಡಿಯಬೇಕು. ಅವಳು ಒಲೆಯ ಹತ್ತಿರ ಸುಳಿಯುವಂತಿಲ್ಲ. ಅಲ್ಲಿ ಕೂತವಳು ಮಾಫಿಕೆಂಗಿನಿಂದ ಬಂದ ಮೊಸಿದಿಯ ಅಕ್ಕ ಸೆಲೀನಾ. "ಬಾಡಿಗೆಯವಳಾದ್ರೂ ಮೂವತ್ತೊಂದು ವರ್ಷ ಈ ಮನೇಲಿದ್ದೀಯ. ಅಡುಗೆ ನೀನೇ ನೋಡ್ಕೊ ತಾಯಿ," ಎಂದಿದ್ದಳು ಕೆದಿಬೊನೆಗೆ.

ತಪ್ಪು ಸೆಲೀನಾಳದಲ್ಲ. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಕೆದಿಬೊನೆ, ಮೊಸಿದಿ ಇಬ್ಬರ ಸುಳ್ಳು ಮೂವತ್ತೊಂದು ವರ್ಷ ಆರಾಮಾಗಿ ಓಡಾಡಿಕೊಂಡಿತ್ತು. ಅಕ್ಕ ಈಸ್ಟರ್‌ಗೆ ಬಂದಾಗಲೆಲ್ಲ ಕೆದಿಬೊನೆ ದಿಂಬು ಎತ್ತಿಕೊಂಡು ಹಿಂದಿನ ಕೋಣೆಗೆ ಹೋಗುತ್ತಿದ್ದಳು.

*

ಎರಡು ವರ್ಷದ ಹಿಂದೆ, ಮದುವೆ ನೋಂದಣಿಯ ಕಚೇರಿಯಲ್ಲಿ ಗುಮಾಸ್ತೆ ಹುಡುಗಿ ಕತ್ತೆತ್ತಿ, "ಅಜ್ಜೀ, ಗಂಡು ಎಲ್ಲಿ?" ಎಂದಳು.

"ಎಪ್ಪತ್ತು ವರ್ಷದಿಂದ ನಂಗೆ ಬೇಕಾಗಿಲ್ಲ ಮಗಾ," ಎಂದಳು ಮೊಸಿದಿ. "ಇವಳ ಹೆಸರು ಬರ್ಕೊ."

ಆಮೇಲೆ ಇಬ್ಬರೂ ಬಸ್ ನಿಲ್ದಾಣದಲ್ಲಿ ಕೂತು, ಎಣ್ಣೆಯಲ್ಲಿ ಕರಿದ ಬಿಸಿ ಮಗ್ವಿನ್ಯಾ ತಿಂದರು. ಬಿಸಿಲು ಹದವಾಗಿತ್ತು. ಸುಮ್ಮನೆ ಎರಡು ಬಸ್ಸು ಬಿಟ್ಟರು.

"ನಿಮ್ಮಕ್ಕಂಗೆ?" ಎಂದು ಕೇಳಿದಳು ಕೆದಿಬೊನೆ.

"ಈಸ್ಟರ್‌ಗೆ ಬರ್ತಾಳಲ್ಲ, ಹೇಳಿದ್ರಾಯ್ತು ಬಿಡು."

ಎರಡು ಈಸ್ಟರ್ ಬಂದು ಹೋದವು. ಎರಡು ಸಲವೂ ದಿಂಬು ಹಿಂದಿನ ಕೋಣೆಗೇ ಹೋಯಿತು.

*

ಹಾಡು ನಿಂತಿತು. ಪೆಟ್ಟಿಗೆ ಮುಚ್ಚುವ ಹೊತ್ತು. ಈಗ ಹೇಳದಿದ್ದರೆ ಮೊಸಿದಿ ತನಗೆ ಏನೂ ಆಗದವಳಾಗಿ ಮಣ್ಣು ಸೇರುತ್ತಾಳೆ ಎನಿಸಿ ಕೆದಿಬೊನೆಗೆ ಭಯವಾಯಿತು. ಹಂಡೆಯನ್ನು ಹಾಗೇ ಬಿಟ್ಟು ಒಳಗೆ ನಡೆದಳು.

"ಸೆಲೀನಕ್ಕಾ, ಅದು ನನ್ನ ಜಾಗ."

"ಏನಂದೆ?"

"ನಾನು ಅವಳ ಹೆಂಡ್ತಿ. ಕಚೇರೀಲಿ ಮದುವೆ ಆಗಿದೀವಿ. ಬಾಡಿಗೆ ಅಂದಿದ್ದೆಲ್ಲ ಸುಳ್ಳು, ಮೊದಲಿಂದ್ಲೂ."

ಮುದುಕಿಯರು ಬಾಯಿಗೆ ಕೈಯಿಟ್ಟರು. ಸೆಲೀನಾ ತಂಗಿಯ ಮುಖದ ಕಡೆ ತಿರುಗಿದಳು.

"ನಂಗೂ ಹೇಳ್ಲಿಲ್ವಲ್ಲೇ ಕಳ್ಳೀ," ಎಂದಳು ಪೆಟ್ಟಿಗೆಯ ಕಡೆಗೆ. ಗೋಡೆ ಹಿಡಿದು ಎದ್ದು ಹೊರಗೆ ಹೋದಳು.

ಕೆದಿಬೊನೆ ಹಾಸಿಗೆಯ ಮೇಲೆ ಕೂತಳು. ಯಾರೂ ಅವಳ ಹತ್ತಿರ ಬರಲಿಲ್ಲ. ಹೊಸಿಲಾಚೆ ಸೆಲೀನಾ ಬೆನ್ನು ಮಾಡಿ ನಿಂತಿದ್ದು ಮಸುಕಾಗಿ ಕಂಡಿತು. ಆಮೇಲೆ, ಆಗಷ್ಟೇ ಊರಿಂದ ಬಂದು ಇಳಿದವಳ ಹಾಗೆ ತಲೆವಸ್ತ್ರ ಸರಿಮಾಡಿಕೊಂಡು ಅವಳು ಬಾಗಿಲಿಂದ ಒಳಗೆ ಬಂದಳು. ಮಂಡಿಯೂರಿ ಕೆದಿಬೊನೆಯ ಕೈ ಹಿಡಿದಳು.

"ಸುದ್ದಿ ಈಗ ತಿಳೀತು ಕಣವ್ವಾ," ಎಂದಳು. "ಹೇಗಾಯ್ತು, ಹೇಳು."