ತಿಪ್ಪೆಯಿಂದ ಎತ್ತಿಕೊಂಡ ಮಗಳು

ಹಿರೇಬೆಂಡಿಗೇರಿಯ ಭರಮವ್ವನಿಗೆ ಹುಟ್ಟಿದ ಮೂರೂ ಕೂಸುಗಳು ವರ್ಷ ತುಂಬುವ ಮೊದಲೇ ತೀರಿಹೋಗಿದ್ದವು. ಹಿಂದೆಯೇ ಗಂಡನೂ ಹೋದ. ಐದು ವರ್ಷದ ಕೆಳಗೆ ಅನಾಥಾಶ್ರಮದವರು ಮೂರು ವರ್ಷದ ಹೆಣ್ಣುಮಗುವೊಂದನ್ನು ಸಾಕಲು ಕೊಟ್ಟಾಗ ಆಕೆ ಮೊದಲು ಮಾಡಿದ್ದೇನೆಂದರೆ, ಅದನ್ನು ಹಿತ್ತಲ ತಿಪ್ಪೆಯ ಮೇಲೆ ಮಲಗಿಸಿ, ಮೂರು ಹೆಜ್ಜೆ ಹಿಂದೆ ಸರಿದು, ಮತ್ತೆ ಎತ್ತಿಕೊಂಡದ್ದು. ಮಕ್ಕಳು ಉಳಿಯದ ಮನೆಯಲ್ಲಿ ಅದು ಪದ್ಧತಿ. ಯಾರೋ ಎಸೆದ ಕೂಸೆಂದು ಸಾವು ಮೂಸಿಯೂ ನೋಡುವುದಿಲ್ಲ, ಎತ್ತಿಕೊಂಡವಳೇ ತಾಯಿ. ಹೆಸರು ತಿಪ್ಪವ್ವ ಎಂದಾಯಿತು.

ಇಲ್ಲಿಗೆ ಬರುವಷ್ಟರಲ್ಲೇ ಆ ಕೂಸು ಎರಡು ಮನೆ ಕಂಡಿತ್ತು. ಯಾವಾಗ ಏಳಿಸಿ ಒಯ್ಯುತ್ತಾರೋ ಎಂದು ಬಟ್ಟೆಯ ಗಂಟನ್ನು ಅವಚಿಕೊಂಡೇ ಮಲಗುತ್ತಿತ್ತು. ಆ ಗಂಟು ಅದರ ಕೈಬಿಟ್ಟು ಗೂಟಕ್ಕೆ ಏರಲು ಭರ್ತಿ ಒಂದು ವರ್ಷ ಹಿಡಿಯಿತು.

ಈಗ, ಅರವತ್ತೊಂದನೇ ಇಸವಿಯ ಸುಗ್ಗಿಯಲ್ಲಿ, ಆಶ್ರಮದ ಹೊಸ ಮ್ಯಾನೇಜರ ಶಿದ್ಲಿಂಗಪ್ಪ ಇಸ್ತ್ರಿಯ ಧೋತರ ಉಟ್ಟು, ಬೂಟು ಮೆಟ್ಟಿ ಬಂದು, ಕಟ್ಟೆಯ ಮೇಲೆ ಕುಳಿತು ಕಾಗದ ಓದಿದ.

"ಐದ ವರ್ಷ ಮುಗೀತು. ಒಂದ ಮನ್ಯಾಗ ಭಾಳ ದಿನಾ ಇಟ್ರ ಹುಡುಗ್ರು ಹಚ್ಕೊಂಡ ಬಿಡ್ತಾವು. ಹಂಸಭಾವ್ಯಾಗ ಬ್ಯಾರೆ ಮನಿ ನೋಡೇವಿ."

ಭರಮವ್ವನ ಮೈಯೆಲ್ಲ ಉರಿಯಿತು. "ಹಚ್ಕೊಳ್ಳಬಾರ್ದಂತ ಸಾಕಾಕ ಕೊಡ್ತಾರೇನ್ರಿ? ಎಮ್ಮಿ ಮಾರಿದ ಮ್ಯಾಲೆ ಸೈತ, ಹೊಸಾ ಮನ್ಯಾಗ ಮೇವು ತಿಂತೈತೋ ಇಲ್ಲೋ ಅಂತ ಕೇಳ್ತೇವ್ರಿ. ಈ ಕೂಸಿಗೆ ಒಂದ ಮಾತ ಕೇಳೀರೇನು?"

"ಹುಡುಗ್ರನ್ನ ಏನ ಕೇಳೂದು? ನೀ ಸಾಕಿದಾಕಿ, ಹಡದಾಕಿ ಅಲ್ಲ."

ಹಡೆದವಳು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟುಹೋದಾಗ ಈ ಕಾಗದ ಎಲ್ಲಿ ಮಲಗಿತ್ತೋ! ದಡಾರ ಎದ್ದಾಗ ಬೇವಿನ ಸೊಪ್ಪಿನಿಂದ ಮೈ ಸವರುತ್ತ ಕುಳಿತವಳು ಯಾರು? ಬೂಟು ಮೆಟ್ಟಿದವರಿಗೆ ಅದೆಲ್ಲ ಯಾಕೆ ಬೇಕು.

ಅಷ್ಟರಲ್ಲಿ ತಿಪ್ಪವ್ವ ಒಳಗಿನಿಂದ ಬಂದಳು. ಗೂಟದ ಗಂಟು ಅವಳ ಕಂಕುಳಲ್ಲಿತ್ತು. ಹೊರಟೇಬಿಟ್ಟಳೆಂದುಕೊಂಡಳು ಭರಮವ್ವ. ಹುಡುಗಿ ಯಾರ ಮುಖವನ್ನೂ ನೋಡದೆ ಹಿತ್ತಲಿಗೆ ನಡೆದು, ಹಸಿ ಸಗಣಿ ತುಳಿಯುತ್ತ ತಿಪ್ಪೆ ಏರಿ, ನಟ್ಟನಡುವೆ ಕುಳಿತುಬಿಟ್ಟಳು.

ಶಿದ್ಲಿಂಗಪ್ಪ ಹಿಂದೆಯೇ ಬಂದು ತಿಪ್ಪೆಯ ಅಂಚಿಗೆ ನಿಂತ. "ಏಯ್, ಎದ್ದ ಬಾ! ಬಸ್ ಹೋಗ್ತೈತಿ."

"ನಾ ಏಳಂಗಿಲ್ರಿ. ಯಾರು ಎತ್ಕೊಂತಾರ, ಅವರ ಮಗಳು ನಾನು."

ಅವನು ಒಂದು ಕಾಲು ಮುಂದಿಟ್ಟ. ಬೂಟಿನ ತುದಿ ಸಗಣಿಗೆ ತಾಗಿತು, ಕಾಲು ಹಿಂದೆ ಬಂತು.

ಭರಮವ್ವ ಸೀರೆ ಎತ್ತಿ ಕಟ್ಟಲೂ ಇಲ್ಲ. ಮೊಣಕಾಲುದ್ದ ಹೂತುಕೊಳ್ಳುತ್ತ ಹೋಗಿ, ಎಂಟು ವರ್ಷದವಳನ್ನು ಗಂಟಿನ ಸಮೇತ ಸೊಂಟಕ್ಕೇರಿಸಿಕೊಂಡಳು.

"ನಾಳೆ ಪೊಲೀಸರ್ನ ಕರ್ಕೊಂಡ ಬರ್ತೇನಿ," ಎಂದು ಅವನು ಒದರಿದ.

"ಕರ್ಕೊಂಡ ಬರ್ರಿ. ತಿಪ್ಪಿ ಎಲ್ಲಿಗೂ ಹೋಗಂಗಿಲ್ಲ. ಈಗ ನಿಮ್ಮ ಕಾಗದದಾಗ ಬರ್ಕೋರಿ: ಕೂಸು ತಿಪ್ಪ್ಯಾಗ ಕುಂತಿತ್ತು, ಅದರವ್ವ ಬಂದು ಎತ್ಕೊಂಡು ಹೋದ್ಲು."