ಸೋಮಣ್ಣ ಕಳಿಸಿದವರು

ನರಸಿಂಹರಾಜಪುರದ ಸೋಮನಾಥ್ ಇಪ್ಪತ್ತಮೂರು ವರ್ಷ ಸುತ್ತಲಿನ ಊರುಗಳ ಜನರಿಗೆ ಕೆಲಸ ಕೊಡಿಸಿದರು. ಐವತ್ತೇಳನೆಯ ವಯಸ್ಸಿನಲ್ಲಿ ಅವರ ಕೆಲಸವೇ ಹೋಯಿತು.

ಅವರು ಇದ್ದದ್ದು ಶಿವಮೊಗ್ಗದ ಒಂದು ಏಜೆನ್ಸಿಯಲ್ಲಿ. ಗಾರ್ಮೆಂಟ್ಸಿಗೋ ಆಸ್ಪತ್ರೆಗೋ ಹೋಟೆಲಿಗೋ ಜನ ಬೇಕೆಂದು ಕಂಪನಿಗಳು ಕೇಳಿದರೆ, ಕೊಪ್ಪ, ಶೃಂಗೇರಿ, ಎನ್.ಆರ್. ಪುರ ತಾಲೂಕುಗಳಲ್ಲಿ ಮನೆಮನೆ ತಿರುಗಿ ಜನರನ್ನು ಒಪ್ಪಿಸಿ ಕಳಿಸುವುದು ಅವರ ಪಾಲಿನ ಕೆಲಸ. ಅವರದೊಂದು ಪದ್ಧತಿಯಿತ್ತು. ಯಾವ ಜಾಗಕ್ಕಾದರೂ ಹುಡುಗಿಯರನ್ನು ಕಳಿಸುವ ಮೊದಲು ತಾವೇ ಹೋಗಿ, ಹಾಸ್ಟೆಲ್ ನೋಡಿ, ಅಲ್ಲಿನ ಊಟ ಉಂಡು, ಕೆಲಸದವರನ್ನು ಮಾತಾಡಿಸಿ ಬರುತ್ತಿದ್ದರು. "ಹೆಣ್ಣು ಕೊಡೋ ಮನೆ ನೋಡಕ್ಕೆ ಹೋದಂಗೆ ಹೋಗ್ತಾನೆ ಮಾರಾಯ" ಎಂದು ಆಫೀಸಿನಲ್ಲಿ ನಗುತ್ತಿದ್ದರು. ನಕ್ಕವರೇ ಮೂರು ಸಲ, ವರ್ಷದ ಉತ್ತಮ ಕೆಲಸಗಾರ ಎಂದು ಫಲಕ ಕೊಟ್ಟರು. ಸೋಮಣ್ಣ ಹೇಳಿದ ಜಾಗ ಎಂದರೆ ತಾಯಂದಿರು ಎರಡನೇ ಮಾತಾಡದೆ ಮಕ್ಕಳ ಬಟ್ಟೆ ಮಡಚಿಡುತ್ತಿದ್ದರು.

ಯಜಮಾನರು ತೀರಿಕೊಂಡ ಮೇಲೆ ಅವರ ಅಳಿಯ ಏಜೆನ್ಸಿಯ ಬಾಗಿಲು ಹಾಕಿದ. ಅಲ್ಲಿಂದ ಎಂಟು ತಿಂಗಳು ಸೋಮನಾಥ್ ಕಂಡಕಂಡ ಕಡೆ ಅರ್ಜಿ ಹಾಕಿದರು. ಕರೆದದ್ದು ಒಂದೇ ಕಡೆ. ಅಲ್ಲಿ ಅವರು ಮೂರೂ ಫಲಕಗಳನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. ಎದುರಿಗೆ ಕೂತ ಹುಡುಗಿಗೆ ಇಪ್ಪತ್ತೈದೋ ಇಪ್ಪತ್ತಾರೋ. ಅವಳು ಅವನ್ನು ಮುಟ್ಟಲಿಲ್ಲ.

"ಕಳೆದ ಮೂರು ತಿಂಗಳಲ್ಲಿ ಎಷ್ಟು ಜನನ್ನ ಸೇರಿಸಿದೀರಿ ಸರ್?" ಎಂದು ಕೇಳಿದಳು.

"ಈಗ ಕೆಲಸ ಇಲ್ವಲ್ಲಮ್ಮ. ಒಟ್ಟು ಅಂದ್ರೆ ಎರಡು ಸಾವಿರದ ಮೇಲಾಗತ್ತೆ."

"ಅದು ಹಳೇದಾಯ್ತು ಸರ್" ಎಂದಳು, ಅಗೌರವವೇನೂ ಇಲ್ಲದ ದನಿಯಲ್ಲಿ. ಅದೇ ಅವರಿಗೆ ಹೆಚ್ಚು ಚುಚ್ಚಿದ್ದು.

ಹೆಂಡತಿ ವನಜಮ್ಮ ಟೈಲರಿಂಗ್ ಮಾಡುತ್ತಿದ್ದರು, ಊಟಕ್ಕೇನೂ ತೊಂದರೆಯಿರಲಿಲ್ಲ. ಆದರೆ ಸೋಮನಾಥ್ ಪೇಟೆಗೆ ಹೋಗುವುದನ್ನು ಬಿಟ್ಟರು. ಹೋದರೆ ಯಾರಾದರೂ ತಡೆದು ನಿಲ್ಲಿಸಿ, "ಸೋಮಣ್ಣ, ನಮ್ಮ ಹುಡುಗಂಗೆ ಎಂತಾದ್ರೂ ಇದ್ಯಾ?" ಎಂದು ಕೇಳುತ್ತಿದ್ದರು. ಇಲ್ಲವೆನ್ನಲು ನಾಲಿಗೆ ಏಳುತ್ತಿರಲಿಲ್ಲ.

ಅಂಥ ದಿನಗಳಲ್ಲಿ ಶಿಶಿರ ಮನೆ ಹುಡುಕಿಕೊಂಡು ಬಂದ. ಕೊಪ್ಪದಲ್ಲಿ ಹೊಸದಾಗಿ ಏಜೆನ್ಸಿ ತೆರೆದವನು. ಚಪ್ಪಲಿ ಹೊರಗೆ ಬಿಟ್ಟು, ವನಜಮ್ಮನವರ ಕಾಲಿಗೆ ನಮಸ್ಕಾರ ಮಾಡಿ ಕೂತ. ಫಲಕಗಳನ್ನು ಕೈಗೆತ್ತಿಕೊಂಡು ಒಂದೊಂದನ್ನೂ ಓದಿದ.

"ಸರ್, ನಾನು ಮೂರು ತಿಂಗಳಿಂದ ಹಳ್ಳಿ ಸುತ್ತುತಾ ಇದೀನಿ. ಒಬ್ರೂ ನಂಬಲ್ಲ. ಎಲ್ಲರೂ ಕೇಳೋದು ಒಂದೇ, ಸೋಮಣ್ಣ ಇದಾರಾ ಅಂತ. ನಿಮ್ಮ ಹೆಸರಿಗೆ ಇರೋ ಬೆಲೆ ನಿಮಗೇ ಗೊತ್ತಿಲ್ಲ."

ಸೋಮನಾಥರ ಕಣ್ಣು ತುಂಬಿತು. ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ಒಳಗೆ ಹೋಗಿ ಬಂದರು.

ಅವರ ಹೆಸರು, ಫೋಟೋ ಬಳಸಿಕೊಳ್ಳುವ ಒಪ್ಪಿಗೆಯೂ ಸೇರಿ ಒಂದು ವರ್ಷದ ಕರಾರಿಗೆ ಸಹಿಯಾಯಿತು. ವಾರದೊಳಗೆ ಅವರ ಫೋಟೋ ಇದ್ದ ಕರಪತ್ರಗಳು ಬಂದವು: 'ಎರಡು ಸಾವಿರ ಕುಟುಂಬಗಳ ನಂಬಿಕೆಯ ಸೋಮಣ್ಣ.' ಮೊದಲ ಬೇಡಿಕೆ ಗಡಿಯಾಚೆ ತಮಿಳುನಾಡಿನ ಒಂದು ಪ್ಲಾಸ್ಟಿಕ್ ಕಾರ್ಖಾನೆಯದು. ಹನ್ನೊಂದು ಹುಡುಗಿಯರು ಬೇಕು.

"ನಾನೊಂದು ಸಲ ಹೋಗಿ ನೋಡ್ತೀನಿ" ಎಂದರು ಸೋಮನಾಥ್.

"ಟೈಮಿಲ್ಲ ಸರ್, ಸೋಮವಾರವೇ ಹೊರಡಬೇಕು. ಮುಂದಿನ ಬ್ಯಾಚಿಗೆ ಖಂಡಿತ ಹೋಗಿ. ಈಗ ವಿಡಿಯೊ ಕಳಿಸ್ತೀನಿ."

ವಿಡಿಯೊದಲ್ಲಿ ಬಿಳಿ ಟೈಲ್ಸ್ ಹಾಕಿದ ಊಟದ ಮನೆ, ಸಾಲಾಗಿ ಮಂಚ, ನಗುವ ನಾಲ್ಕು ಹುಡುಗಿಯರು. ಸೋಮನಾಥ್ ಎರಡು ಸಲ ನೋಡಿದರು. ಇದು ನೋಡಿದಂತಲ್ಲ ಎಂದು ಅವರಿಗೆ ಗೊತ್ತಿತ್ತು. ಹಟ ಹಿಡಿದರೆ ಶಿಶಿರ ಬೇರೆಯವರನ್ನು ನೋಡಿಕೊಂಡಾನು, ಮತ್ತೆ ಆ ಎಂಟು ತಿಂಗಳು ಶುರುವಾದೀತು ಎಂಬುದೂ ಗೊತ್ತಿತ್ತು. ಅವರು ಫೋನನ್ನು ಜೇಬಿಗೆ ಹಾಕಿಕೊಂಡರು.

ಮಾರನೆಯ ದಿನ ಶೃಂಗೇರಿ ತಾಲೂಕಿನ ಬೇಗಾರಿಗೆ ಹೋದರು. ಅಲ್ಲಿನ ಗುಡ್ಡಮ್ಮ ಗಂಡ ಸತ್ತ ಮೇಲೆ ಕೂಲಿ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದ್ದಳು. ಹನ್ನೆರಡು ವರ್ಷದ ಹಿಂದೆ ದೊಡ್ಡವಳನ್ನು ಗಾರ್ಮೆಂಟ್ಸಿಗೆ ಸೇರಿಸಿದ್ದು ಸೋಮನಾಥರೇ. ಅವಳು ದುಡಿದು, ಮನೆಗೆ ಹೆಂಚು ಹೊದೆಸಿ, ಮದುವೆಯಾಗಿ ಹೋಗಿದ್ದಳು. ಈಗ ಮನೆಯಲ್ಲಿದ್ದವಳು ಪಿಯುಸಿ ಮುಗಿಸಿದ ಚೈತ್ರ.

ಗುಡ್ಡಮ್ಮ ಕರಪತ್ರವನ್ನು ಓದಿಸಿಕೊಳ್ಳಲಿಲ್ಲ. ಫೋಟೋ ನೋಡಿ, "ಚೆನ್ನಾಗಿ ಬಂದೈತೆ" ಎಂದಳು. ಆಮೇಲೆ ಕೇಳಿದಳು: "ಜಾಗ ನೋಡ್ಕಂಡು ಬಂದೀರಲ್ಲ ಸೋಮಣ್ಣ?"

ಬೆಲ್ಲದ ಕಾಫಿಯ ಲೋಟ ಕೈಯಲ್ಲಿತ್ತು. ಸೋಮನಾಥ್ ಒಂದು ಗುಟುಕು ಕುಡಿದರು.

"ನೋಡಿದೀನಿ ಗುಡ್ಡಮ್ಮ" ಎಂದರು.

"ಹಂಗಾರೆ ಆತು."

ಹನ್ನೊಂದು ಹುಡುಗಿಯರು ಸೋಮವಾರ ಹೊರಟರು. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಶಿಶಿರನ ಫೋನ್ ಬಂತು. ಚೈತ್ರಳ ಬಲಗೈ ಮೆಷಿನ್ನಿಗೆ ಸಿಕ್ಕಿ ನಾಲ್ಕು ಬೆರಳು ಹೋಗಿದ್ದವು.

"ಅವಳದೇ ಅಜಾಗರೂಕತೆಯಂತೆ ಸರ್. ತರಬೇತಿಯವಳು, ನೌಕರಿಗೆ ಸೇರಿದವಳೇ ಅಲ್ಲ ಅಂತಿದಾರೆ ಕಂಪನಿಯವರು. ನೀವು ಅಲ್ಲಿಗೆ ಹೋಗಬೇಡಿ. ಹೋದ್ರೆ ನಮ್ಮ ತಲೆಗೆ ಕಟ್ತಾರೆ."

ಸೋಮನಾಥ್ ಆ ದಿನವೇ ಬಸ್ಸು ಹತ್ತಿದರು. ಆಸ್ಪತ್ರೆಯಲ್ಲಿ ಚೈತ್ರ ಕಿಟಕಿ ಪಕ್ಕದ ಮಂಚದ ಮೇಲಿದ್ದಳು. ಕೈಗೆ ಮೊಣಕೈವರೆಗೂ ಬಟ್ಟೆ ಸುತ್ತಿತ್ತು. ಅವಳು ಅಳಲಿಲ್ಲ. ಕೇಳಿದ್ದಕ್ಕೆಲ್ಲ ಹೇಳಿದಳು. ಮೂರನೇ ದಿನವೇ ಡಬ್ಬಿ ಒತ್ತುವ ಮೆಷಿನ್ನಿಗೆ ಹಾಕಿದ್ದರು. ಕೈ ಹೋಗದಂತೆ ತಡೆಯುವ ಬಾಗಿಲೊಂದು ಅದಕ್ಕಿತ್ತಂತೆ. ಹಾಕಿ ತೆಗೆದು ಮಾಡಿದರೆ ತಡವಾಗುತ್ತದೆಂದು ಬಿಚ್ಚಿಟ್ಟಿದ್ದರು. ದಿನಕ್ಕೆ ಹನ್ನೆರಡು ಗಂಟೆ ನಿಂತೇ ಕೆಲಸ. ಒಂದು ಕೋಣೆಯಲ್ಲಿ ಹದಿನಾಲ್ಕು ಜನ. ವಿಡಿಯೊದ ಊಟದ ಮನೆ ಆಫೀಸಿನವರದು.

ಎಲ್ಲ ಹೇಳಿ ಮುಗಿಸಿ ಅವಳು ಕೇಳಿದಳು: "ನೀವು ಇಲ್ಲಿಗೆ ಬಂದಿದ್ರಾ ಸರ್, ನಮ್ಮನ್ನ ಕಳ್ಸೋಕೆ ಮುಂಚೆ?"

"ಇಲ್ಲ."

ಚೈತ್ರ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಸೋಮನಾಥ್ ಸಂಜೆಯವರೆಗೆ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ಅವಳು ಮತ್ತೆ ಅವರತ್ತ ನೋಡಲಿಲ್ಲ.

ಮರುದಿನ ಹಾಸ್ಟೆಲಿಗೆ ಹೋಗಿ ಉಳಿದ ಹತ್ತು ಹುಡುಗಿಯರನ್ನು ಹೊರಡಿ ಎಂದರು. ವಾರ್ಡನ್ ಗೇಟಿಗೆ ಅಡ್ಡ ನಿಂತಳು, ಯಾರೋ ಅವರ ಅಂಗಿಯ ಕೊರಳಪಟ್ಟಿ ಹಿಡಿದರು. ಅಂತೂ ಏಳು ಜನ ಪೆಟ್ಟಿಗೆ ಹಿಡಿದು ಬಂದರು. ಮೂವರು ಬರಲಿಲ್ಲ. "ಊರಿಗೆ ಬಂದು ಎಂತ ಮಾಡದು ಸರ್?" ಎಂದು ಒಬ್ಬಳು ಕೇಳಿದಳು.

ಹದಿನೈದು ದಿನದ ಮೇಲೆ ಚೈತ್ರಳನ್ನು ಬೇಗಾರಿಗೆ ಕರೆತಂದು ಬಿಟ್ಟಾಗ ಗುಡ್ಡಮ್ಮ ಮೊದಲು ಮಗಳನ್ನು ಒಳಗೆ ಕರೆದೊಯ್ದು ಮಲಗಿಸಿದಳು. ಹೊರಗೆ ಬಂದಾಗ ಸೋಮನಾಥ್ ಅಂಗಳದಲ್ಲೇ ನಿಂತಿದ್ದರು.

"ಗುಡ್ಡಮ್ಮ, ಅವತ್ತು ನಾನು ಸುಳ್ಳು ಹೇಳಿದೆ. ಜಾಗ ನೋಡಿರ್ಲಿಲ್ಲ."

ಅವಳು ಮನೆಯ ಬಾಗಿಲನ್ನು ಎಳೆದು ಮುಚ್ಚಿದಳು.

"ಇಲ್ಲ ಅಂದಿದ್ರೆ ಕಳ್ಸ್ತಿರ್ಲಿಲ್ಲ" ಎಂದಳು. "ನಿಮ್ಮ ಜಾಗದಾಗೆ ಬೇರೆ ಯಾರು ಬಂದಿದ್ರೂ ಕಳ್ಸ್ತಿರ್ಲಿಲ್ಲ. ಇನ್ಮೇಲೆ ಈ ಕಡೆ ಬರಬ್ಯಾಡಿ."

ಸೋಮನಾಥ್ ಬೇಗಾರಿನಿಂದ ಶೃಂಗೇರಿಗೆ ಬಸ್ಸು ಕಾಯಲಿಲ್ಲ, ನಡೆದೇ ಹೊರಟರು. ಕೊಪ್ಪದ ವಕೀಲರೊಬ್ಬರನ್ನು ಹಿಡಿದು ಕಾರ್ಖಾನೆಯ ಮೇಲೂ ಏಜೆನ್ಸಿಯ ಮೇಲೂ ದೂರು ಬರೆಸಿದರು. ಸುಳ್ಳು ಹೇಳಿ ಕಳಿಸಿದವನು ತಾನೇ ಎಂದೂ ಅದರಲ್ಲಿ ಬರೆಸಿದರು. ಬೇರೆ ರಾಜ್ಯದ ಮಾತು, ನಿಧಾನವಾಗುತ್ತದೆ ಎಂದರು ವಕೀಲರು. ನಿಧಾನವೇ ಆಯಿತು.

ಆ ನಡುವೆ ಶಿಶಿರ ಕೊಪ್ಪದಲ್ಲಿ ಉದ್ಯೋಗ ಮೇಳ ಇಟ್ಟ. ಸಮುದಾಯ ಭವನದ ಬಾಗಿಲಿಗೆ ದೊಡ್ಡ ಬ್ಯಾನರು, ಅದರಲ್ಲಿ ಸೋಮನಾಥರ ಅದೇ ಫೋಟೋ. ತೆಗೆಸು ಎಂದು ಫೋನ್ ಮಾಡಿದರೆ, "ಒಂದು ವರ್ಷಕ್ಕೆ ಸಹಿ ಹಾಕಿದೀರಿ ಸರ್" ಎಂದ.

ಸೋಮನಾಥ್ ಬೆಳಿಗ್ಗೆ ಎಂಟಕ್ಕೇ ಹೋಗಿ ಭವನದ ಎದುರು ನಿಂತರು. ಬಂದವರು ಬ್ಯಾನರು ನೋಡಿ, ಅವರನ್ನು ನೋಡಿ, ಕೈಮುಗಿದರು. "ನೀವೇ ಇದೀರಲ್ಲ, ಇನ್ನೆಂತ ಚಿಂತೆ" ಎಂದ ಒಬ್ಬ. ಸೋಮನಾಥ್ ಒಬ್ಬೊಬ್ಬರನ್ನೇ ತಡೆದು ಚೈತ್ರಳ ಕೈಯ ಸಂಗತಿ ಹೇಳಿದರು. ಕೆಲವರು ಕೇಳಿದರು, ಕೆಲವರು ಕೇಳಿಸಿಕೊಳ್ಳದೆ ಒಳಗೆ ಹೋದರು. ಕೆಲಸ ಹೋದ ಹೊಟ್ಟೆಕಿಚ್ಚು ಎಂದು ಯಾರೋ ಅವರಿಗೆ ಕೇಳುವಂತೆಯೇ ಅಂದರು. ಮಧ್ಯಾಹ್ನದ ಹೊತ್ತಿಗೆ ಹಿಂದಿರುಗಿದವರು ಆರು ಜನ. ಒಳಗೆ ಹೋದವರು ಎಂಬತ್ತರ ಮೇಲೆ.

ಒಂದು ಗಂಟೆಗೆ ಅಡ್ಡಗದ್ದೆಯ ಸುಬ್ಬಯ್ಯ ಮಗಳನ್ನು ಕರೆದುಕೊಂಡು ಬಂದ. ತೋಟದ ಕೆಲಸಕ್ಕೆ ಹೋಗುವವನು, ಮಾತು ಕಡಿಮೆ. ಸೋಮನಾಥ್ ಹೇಳಿದ್ದನ್ನೆಲ್ಲ ತಲೆ ಬಗ್ಗಿಸಿ ಕೇಳಿದ.

"ಆತು, ಇಲ್ಲಿ ಬ್ಯಾಡ" ಎಂದ. "ಮತ್ತೆ ಎಲ್ಲಿಗೆ ಕಳ್ಸನ? ಮೂರು ವರ್ಷಾತು ಇವಳು ಓದು ಮುಗ್ಸಿ. ನೀವೇ ಒಂದು ಜಾಗ ಹೇಳಿ, ಅಲ್ಲಿಗೇ ಕಳ್ಸ್ತೀನಿ."

ಸೋಮನಾಥ್ ತಮಗೆ ಗೊತ್ತಿದ್ದ ಜಾಗಗಳನ್ನೆಲ್ಲ ಮನಸ್ಸಿನಲ್ಲೇ ಸುತ್ತಿ ಬಂದರು. ಗಾರ್ಮೆಂಟ್ಸ್ ಮುಚ್ಚಿತ್ತು. ಆಸ್ಪತ್ರೆಯಲ್ಲಿ ಪರಿಚಯದವರು ನಿವೃತ್ತರಾಗಿದ್ದರು. ಹೋಟೆಲಿನವರು ಫೋನ್ ಎತ್ತುವುದನ್ನೇ ಬಿಟ್ಟಿದ್ದರು.

"ನನ್ನ ಹತ್ರ ಯಾವುದೂ ಇಲ್ಲ ಸುಬ್ಬಯ್ಯ" ಎಂದರು.

ಸುಬ್ಬಯ್ಯ ತಲೆಯಾಡಿಸಿದ. ಮಗಳ ಮುಖ ನೋಡಿದ. ಆಮೇಲೆ ಇಬ್ಬರೂ ಒಳಗೆ ಹೋದರು.

ಅರ್ಧ ಗಂಟೆಯಲ್ಲಿ ಹೊರಗೆ ಬಂದಾಗ ಹುಡುಗಿಯ ಕೈಯಲ್ಲಿ ಒಂದು ಚೀಟಿಯಿತ್ತು. ಕೆಲಸಕ್ಕೆ ಹೊರಡುವ ಬಸ್ಸು ಗುರುವಾರ. ಸೋಮನಾಥ್ ಅವಳ ಕೈಯಿಂದ ಚೀಟಿ ಈಸಿಕೊಂಡು ಹಿಂಬದಿಯಲ್ಲಿ ತಮ್ಮ ನಂಬರು ಬರೆದರು.

"ಮೆಷಿನ್ನಿಗೆ ಬಾಗಿಲಿಲ್ಲ ಅಂದ್ರೆ ಮುಟ್ಟಬೇಡ. ಅವರು ಬೈದ್ರೂ ಮುಟ್ಟಬೇಡ. ಈ ನಂಬರಿಗೆ ಫೋನ್ ಮಾಡು. ಕರ್ಕೊಂಡು ಬರಕ್ಕೆ ನಾನು ಬರ್ತೀನಿ."

ಹುಡುಗಿ ಚೀಟಿಯನ್ನು ಮಡಚಿ ಚೀಲದೊಳಗಿಟ್ಟಳು. ಅಡ್ಡಗದ್ದೆಯ ಬಸ್ಸಿಗೆ ಹೊತ್ತಾಗಿತ್ತು. ತಂದೆ ಮಗಳು ಸ್ಟ್ಯಾಂಡಿನ ಕಡೆ ನಡೆದರು. ಅಷ್ಟರಲ್ಲಿ ಇನ್ನೊಂದು ಆಟೋ ಬಂದು ಭವನದ ಮುಂದೆ ನಿಂತಿತು. ಸೋಮನಾಥ್ ಇಳಿಯುತ್ತಿದ್ದವರ ಕಡೆಗೆ ಹೋದರು.